ಪಟ್ಟಿಯಲ್ಲಿಲ್ಲದ ಬಾವಿ

ಲ್ಯಾಪ್‌ಟಾಪಿನ ಪರದೆಯ ಮೇಲಿನ ಹೊಂಡ ಸುರಂಗದ ಬಾಯಿಯೋ ಅಲ್ಲವೋ ಎಂದು ಹೇಳಲು ಪ್ರೇಕ್ಷಾಳಿಗೆ ಕೊಟ್ಟಿದ್ದು ಹತ್ತು ನಿಮಿಷ. ಅದರಲ್ಲಿ ಏಳು ಆಗಲೇ ಕಳೆದಿದ್ದವು.

ಅದು ಯಾವ ದೇಶವೆಂದು ಅವಳ ಕಂಪೆನಿ ಹೇಳುತ್ತಿರಲಿಲ್ಲ. ಆ ದೇಶ ಗುಟ್ಟಾಗಿ ಅಣುಬಾಂಬು ಮಾಡುತ್ತಿದೆಯೇ ಎಂದು ತಿಳಿಯಬೇಕಾದವರು ಇನ್ನೆಲ್ಲೋ ಇದ್ದರು. ಅವರಿಗಾಗಿ ಉಪಗ್ರಹದ ಚಿತ್ರಗಳ ಮೇಲೆ ಚೌಕ ಎಳೆಯುವವಳು ಮಾತ್ರ ಭೂಗೋಳದ ಎಂ.ಎ. ಮುಗಿಸಿ, ಎರಡು ವರ್ಷ ಕೆಲಸ ಹುಡುಕಿ, ಹೆಮ್ಮಾಡಿಯ ಮನೆಯ ಚಾವಡಿಯಲ್ಲಿ ಕೂತಿದ್ದಳು. ಈ ಚಿತ್ರದಲ್ಲಿ ಬರಡು ಗುಡ್ಡದ ಬುಡದಲ್ಲಿ ಹೊಸ ಹೊಂಡ. ಪಕ್ಕದಲ್ಲೊಂದು ಲಾರಿ, ಏಳೆಂಟು ದುಂಡನೆಯ ವಸ್ತುಗಳು. ಏನೇನು ಗುರುತಿಸಬೇಕೆಂದು ಕಂಪೆನಿ ಒಂದು ಪಟ್ಟಿ ಕೊಟ್ಟಿತ್ತು, ದುಂಡನೆಯದೇನು ಕಂಡರೂ ಕೆಂಪು ಚೌಕ ಹಾಕಬೇಕೆಂದು ನಿಯಮವಿತ್ತು. ಹೊಂಡದ ಅಂಚಿನಲ್ಲಿ ಒಂದು ಸಾಲು ಚುಕ್ಕೆಗಳು, ಒಂದೊಂದಕ್ಕೂ ಬೆಳಗಿನ ಉದ್ದ ನೆರಳು. ಅಷ್ಟು ಮೇಲಿನಿಂದ ಮನುಷ್ಯ ಕಾಣುವುದಿಲ್ಲ, ಅವನ ನೆರಳಷ್ಟೇ ಕಾಣುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವಳು ಅದನ್ನು ಯೋಚಿಸುತ್ತಿದ್ದಳು, ಈಚೆಗೆ ಬಿಟ್ಟಿದ್ದಳು.

"ಹೆಣೇ, ಗಂಜಿ ತಣಿತಾ ಇತ್ತ್. ಅಷ್ಟೊತ್ತಿಂದ ಎಂತ ಕಾಂತಾ ಕೂಕಂಡದ್ದ್?" ಅಪ್ಪ ದುಗ್ಗಪ್ಪ ಮಗಳನ್ನು ಕರೆಯುತ್ತ, ಮೊಣಕಾಲು ಎಳೆಯುತ್ತ ಬಂದ.

"ಎಂತ ಇಲ್ಲೆ ಅಪ್ಪಯ್ಯ."

ಪರದೆಯನ್ನು ಮನೆಯವರಿಗೂ ತೋರಿಸುವುದಿಲ್ಲವೆಂದು ಅವಳು ಸಹಿ ಹಾಕಿದ್ದಳು. ತೋರಿಸಿದರೆ ಆ ದಿನವೇ ಕೆಲಸ ಹೋಗುತ್ತಿತ್ತು. ಆದರೆ ಅವಳು ಮುಚ್ಚುವುದರೊಳಗೆ ದುಗ್ಗಪ್ಪ ಬಗ್ಗಿ ನೋಡಿಯಾಗಿತ್ತು.

"ಓಹೋ, ಬಾವಿ ತೋಡ್ತಿದ್ರಲೆ!"

"ಬಾವಿ ಅಂದೇಳಿ ಹ್ಯಾಂಗ್ ಗೊತ್ತಾಯ್ತ್ ನಿಮ್ಗೆ?"

"ಇದೆಂತ ಕೇಂತೆ ನೀನ್! ಮಣ್ಣ್ ಸುತ್ತ ಹಾಕಿರ್ ಕಾಣ್, ದಾರಿಗೆ ಇಷ್ಟ್ ಜಾಗ ಬಿಟ್ಟಿರ್. ಆಚಿಗಿಪ್ಪುದ್ ಸಿಮೆಂಟ್ ರಿಂಗ್. ಸಾಲಂಗೆ ನಿಂತವ್ರ್ ಹಗ್ಗ ಎಳುವವ್ರ್. ನಲ್ವತ್ತ್ ವರ್ಷ ಮಾಡಿದ್ ಕೆಲ್ಸ, ನಂಗೆ ಗೊತ್ತಾತಿಲ್ಯಾ?" ಬೈಂದೂರಿನಿಂದ ಬ್ರಹ್ಮಾವರದವರೆಗೆ ಅವನು ಇಳಿದ ಬಾವಿಗಳಿಗೆ ಲೆಕ್ಕವಿರಲಿಲ್ಲ. "ಯಾವ್ ಊರ್ ಅದ್?"

"ಗೊತ್ತಿಲ್ಲೆ."

"ಯಾವ್ ಊರಾರೆ ಎಂತ! ಉಂಬುಕೆ ಬಾ."

ಪ್ರೇಕ್ಷಾ ಕೆಂಪು ಚೌಕ ಅಳಿಸಿದಳು. ಷರಾ ಎಂಬಲ್ಲಿ 'ಬಾವಿ' ಎಂದು ಬರೆದು ಕಳಿಸಿ ಊಟಕ್ಕೆ ಎದ್ದಳು. ತುತ್ತು ಬಾಯಿಗಿಡುವ ಮೊದಲೇ ಕುಂದಾಪುರದ ಆಫೀಸಿನಿಂದ ಮೇಲ್ವಿಚಾರಕ ರತೀಶನ ಫೋನು.

"ಹ್ವಾಯ್, ಎಂತ ಬರ್ದದ್ದ್ ಮಾರಾಯ್ತಿ? ಬಾವಿ ಅಂಬ್ರಾ!"

"ಬಾವಿಯೇ ಸರ್."

"ಪಟ್ಟಿಯಂಗೆ ಬಾವಿ ಇತ್ತಾ? ಸುರಂಗ ಇತ್ತ್, ಬಂಕರ್ ಇತ್ತ್. ಬಾವಿ ಇಲ್ಲೆ."

"ಪಟ್ಟಿಯಂಗೆ ಇಲ್ದಿರೆ ಆ ಊರವ್ರಿಗೆ ನೀರ್ ಬ್ಯಾಡ್ದಾ ಸರ್?"

"ತಮಾಷಿ ಸಾಕ್. ಇದೇ ಚಿತ್ರ ಬೇರೆ ಇಬ್ರಿಗೂ ಹೋಯಿತ್ತ್. ಇಬ್ರೂ ಸುರಂಗ ಅಂದಿರ್. ಮೂರನೆಯವ್ರ್ ಬೇರೆ ಹೇಳ್ರೆ ಕಾರಣ ಕೊಡ್ಕ್. ಕೊಡಿ, ನಾನೇ ಮೇಲೆ ಕಳ್ಸ್ತೆ."

"ಮಣ್ಣ್ ಸುತ್ತ ಹಾಕಿರ್ ಸರ್. ದುಂಡಗಿಪ್ಪುದ್ ಬಾವಿ ರಿಂಗ್. ಸಾಲಂಗೆ ಇಪ್ಪುವವ್ರ್ ಹಗ್ಗ ಎಳುವವ್ರ್…"

"ಇದೆಲ್ಲ ನಿಮ್ಗೆ ಹ್ಯಾಂಗ್ ಗೊತ್ತ್?" ರತೀಶನ ದನಿ ಇಳಿಯಿತು. "ಯಾರಿಗಾರೂ ತೋರ್ಸಿರ್ಯಾ?"

ಎದುರಿಗೆ ದುಗ್ಗಪ್ಪ ಉಪ್ಪಿನಕಾಯಿ ನೆಕ್ಕಿ, ಗಂಜಿಯನ್ನು ಸೊರ್ರೆಂದು ಸುರಿಯುತ್ತಿದ್ದ. ಆ ಸದ್ದು ಆಚೆ ಕೇಳದಿರಲೆಂದು ಪ್ರೇಕ್ಷಾ ಫೋನನ್ನು ಅಂಗೈಯಿಂದ ಮುಚ್ಚಿ ಹಿಡಿದಳು.

"ಇಲ್ಲೆ ಸರ್. ನಂಗೆ ಹಾಂಗ್ ಕಂಡದ್ದ್."

"ಹಾಂಗ್ ಕಂಡದ್ದೆಲ್ಲ ಬರೆಯುಕಾತ್ತಾ? ತಿದ್ದಿ. ಐದ್ ನಿಮಿಷ ಇತ್ತ್."

ನಾಲ್ಕು ನಿಮಿಷ ಅವಳು ಪರದೆಯ ಮುಂದೆ ಕೂತಿದ್ದಳು. ಆಮೇಲೆ ಬೆರಳು 'ಸುರಂಗ' ಒತ್ತಿತು. ಪರದೆ ಹಸಿರಾಯಿತು. 'ಸುರಂಗ. ಮೂವರಲ್ಲಿ ಮೂವರ ಒಪ್ಪಿಗೆ. ನಿಮ್ಮ ಎಚ್ಚರಕ್ಕೆ ಧನ್ಯವಾದ.'

ಇಪ್ಪತ್ತು ದಿನ ಕಳೆದು ಟಿವಿಯವರು ಒಂದು ನಿಖರ ದಾಳಿಯ ಸುದ್ದಿ ಓದಿದರು. ಗುಪ್ತ ಅಣುಸುರಂಗ ನಾಶವಾಗಿತ್ತು, ಜನಸಾಮಾನ್ಯರಿಗೆ ಯಾವ ತೊಂದರೆಯೂ ಆಗಿರಲಿಲ್ಲ. ಮರುದಿನ ಬೆಳಿಗ್ಗೆ ಪ್ರೇಕ್ಷಾಳಿಗೆ ಬಂದ ಮೊದಲ ಚಿತ್ರದ ಮೂಲೆಯಲ್ಲಿ ಅದೇ ಅಕ್ಷಾಂಶ, ಅದೇ ರೇಖಾಂಶ. ಈ ಸಲ ಪಟ್ಟಿ ಹೊಸದು. 'ನೆಲದಡಿಯ ನಿರ್ಮಾಣ: ಪೂರ್ತಿ ನಾಶ, ಭಾಗಶಃ ನಾಶ, ನಾಶವಿಲ್ಲ.'

ಹೊಂಡ ಹತ್ತು ಪಾಲು ಅಗಲವಾಗಿತ್ತು. ಲಾರಿ ಬೋರಲು ಬಿದ್ದಿತ್ತು. ಈ ಚಿತ್ರವೂ ಬೆಳಗಿನದೇ, ಆದರೆ ಅಂಚಿನಲ್ಲಿ ಒಂದು ನೆರಳೂ ಇರಲಿಲ್ಲ. ಹೊಂಡದ ನಡುವೆ ಕಪ್ಪಗೆ ಏನೋ ಹೊಳೆಯುತ್ತಿತ್ತು.

ದುಗ್ಗಪ್ಪ ಚಾವಡಿಗೆ ಬಂದಾಗ ಅವಳು ಪರದೆ ಮುಚ್ಚಲಿಲ್ಲ. ತಾನಾಗಿಯೇ ಅವನ ಕಡೆ ತಿರುಗಿಸಿದಳು. ಅವನು ಕೈಯೊರೆಸಿಕೊಂಡು ಬಗ್ಗಿ ನೋಡಿದ. ಇದು ಅದೇ ಜಾಗವೆಂದು ಅವನಿಗೆ ಗುರುತು ಹತ್ತಲಿಲ್ಲ. ಮುಖ ಮಾತ್ರ ಮೆಲ್ಲಗೆ ಅರಳಿತು.

"ಅಬ್ಬ, ಎಂಥಾ ನೀರ್ ಬಿದ್ದಿತ್ತ್ ಕಾಣ್!" ಎಂದ. "ಯಾರ್ ಹೆಣೇ ಇದ್ನ್ ತೋಡಿದ್ದ್?"