ಮೂರನೇ ಮಹಡಿಯ ಬಿಸಿಲು

"ಬಿಸಿಲೇನು ನಿಮ್ಮಪ್ಪನ ಮನಿದೇನಲೇ?" ಫಕೀರವ್ವ ಗದರಿದಳು. ಹೀರೆಬಳ್ಳಿಯ ಎಳೆಯ ಕುಡಿಯನ್ನು ಗೋಡೆಯ ಮೊಳೆಗೆ ಕಟ್ಟುವುದನ್ನು ಮಾತ್ರ ನಿಲ್ಲಿಸಲಿಲ್ಲ.

"ಮೂರನೇ ಮಹಡಿಯಿಂದ ಮ್ಯಾಲಿನ ಬಿಸಿಲು ಅಲ್ಲಿದ್ದೋರದು, ಯವ್ವಾ. ಕೆಳಗಿನೋರಿಗೆ ಲೈಟ್ ಐತಲ್ಲ," ಎಂದ ಬಿಸಿಲು ಇಲಾಖೆಯ ನಿರುಪಾದಿ. "ನಿನ್ನ ಬಳ್ಳಿ ಗೆರಿ ದಾಟೇತಿ."

"ಲೈಟಿಗೆ ಹೀರಿಕಾಯಿ ಬಿಡಂಗಿಲ್ಲ. ಇನ್ನೂ ಏರಸ್ತೀನಿ."

ಬಳ್ಳಿಯಲ್ಲಿ ಹೂವಿನ್ನೂ ಉದುರದ ಹೀಚೊಂದು ತೂಗುತ್ತಿತ್ತು. ನಿರುಪಾದಿ ಇಲಾಖೆಯ ಉಂಗುರ ತೊಟ್ಟ ತೋರುಬೆರಳನ್ನು ನೆಟ್ಟಗೆ ಚಾಚಿ ತೋರಿಸಿದರೆ ಸಾಕು, ಉಂಗುರ ಅದನ್ನು ದಾಖಲಿಸಿ, ಕತ್ತರಿಸುವ ಯಂತ್ರ ತಾನೇ ಬರುತ್ತಿತ್ತು.

"ತೋರಸು. ಹೀಚಿಗೆ ಬೆರಳು ಮಡಚಿ ತೋರಿಸಬೇಕು, ಇಲ್ಲಾಂದ್ರ ಕೊಳೀತೈತಿ ಅಂತ ನಿಮ್ಮವ್ವ ಹೇಳಿಲ್ಲೇನು?"

ಅವನು ಕೈ ಎತ್ತಿದ. ಬೆರಳು ಮಡಚಿಕೊಂಡಿತು. ಎರಡನೇ ಸಲವೂ ಹಾಗೇ ಆಯಿತು. ಉಂಗುರ ಏನನ್ನೂ ದಾಖಲಿಸಲಿಲ್ಲ.

"ನಮ್ಮವ್ವನ್ನ ಯಾಕ ತಂದಿ ನಡುವ?" ಎನ್ನುತ್ತ ನಿರುಪಾದಿ ಉಂಗುರ ಕಿತ್ತು ಜೇಬಿಗೆ ಹಾಕಿಕೊಂಡು ಹೊರಟುಹೋದ. ಆ ಓಣಿಗೆ ಮತ್ತೆ ಬರಲಿಲ್ಲ.