ದೇವರಿಗಲ್ಲದ ಹೂ

ದಮಯಂತಿ ಹೂವನ್ನು ಮೂಗಿಗೆ ಹಿಡಿದು ಮನಸ್ಸಿನಲ್ಲೇ ಮೂರರ ತನಕ ಎಣಿಸಿದಳು. ಅದಕ್ಕಿಂತ ಬೇಗ ಹೊಗಳಿದರೆ ಸುಳ್ಳೆಂದು ಗೊತ್ತಾಗುತ್ತದೆ. ತಡವಾದರೆ ಸಂಶಯ ಹುಟ್ಟುತ್ತದೆ.

“ಇವತ್ತು ಹೇಗುಂಟು?” ಹರಿನಾಥರು ಕೇಳಿದರು.

“ಲವಂಗವೇ. ನಿನ್ನೆಗಿಂತ ಸ್ವಲ್ಪ ಖಾರ.”

“ಬಿಸಿಲು ಜೋರಿತ್ತಲ್ಲ, ಅದಕ್ಕೇ ಇರಬೇಕು.” ಅವರು ಕಥೆ ಕೇಳುವವರ ಹಾಗೆ ತಲೆಯಾಡಿಸಿದರು.

ಖಾರವೂ ಇರಲಿಲ್ಲ, ಲವಂಗವೂ ಇರಲಿಲ್ಲ. ನಾಲ್ಕು ವರ್ಷದ ಹಿಂದಿನ ಒಂದು ಜ್ವರ ದಮಯಂತಿಯ ಮೂಗನ್ನು ಬರಿದು ಮಾಡಿ ಹೋಗಿತ್ತು. ಅನ್ನ ಸೀದದ್ದು ಹೊಗೆ ಕಣ್ಣಿಗೆ ಹೊಡೆದ ಮೇಲೆ ತಿಳಿಯುತ್ತಿತ್ತು. ಹಾಲು ಕೆಟ್ಟದ್ದು ಚಹಾ ಒಡೆದ ಮೇಲೆ. ಯಾರಿಗೂ ಹೇಳಿರಲಿಲ್ಲ. ಹೇಳಲು ಮನೆಯಲ್ಲಿ ಯಾರಿದ್ದರು? ಸೀತಾಂಗೋಳಿಯ ಆ ಬಾಡಿಗೆ ಕೋಣೆಯಲ್ಲಿ ಅವಳಿಗೆ ಎದುರುತ್ತರ ಕೊಡುವುದು ಹೊಲಿಗೆ ಯಂತ್ರ ಒಂದೇ.

ಜ್ವರ ಬಂದು ಹೋದ ಮರುವರ್ಷ ಹರಿನಾಥರು ಎದುರು ಮನೆಗೆ ಬಂದರು. ಬಸ್ ಕಂಡಕ್ಟರಾಗಿ ನಿವೃತ್ತರಾದವರು, ಹೆಂಡತಿಯನ್ನು ಕಳೆದುಕೊಂಡವರು. ಸಾಮಾನು ಇಳಿಸುವ ಮೊದಲು ಐದು ಹೂವಿನ ಚಟ್ಟಿ ಇಳಿಸಿದರು. ಮೊದಲ ದಿನವೇ ಒಂದು ಹೂ ಕೊಯ್ದು ಕೊಟ್ಟು, “ಮೂಸಿ ನೋಡಿ, ಥೇಟ್ ಲವಂಗದ ಪರಿಮಳ. ಡಯಾಂಥಸ್ ಅಂತ. ಎಲ್ಲ ಜಾತಿಗೂ ಇಷ್ಟು ವಾಸನೆ ಇರುವುದಿಲ್ಲ,” ಎಂದರು.

ಆ ಮುಖದ ಸಂತೋಷ ನೋಡಿ ದಮಯಂತಿ “ಹೌದು” ಎಂದುಬಿಟ್ಟಳು. ಒಂದು ಹೌದು ಹೇಳಿದವರು ಅದನ್ನು ದಿನಾ ಸಾಕಬೇಕಾಗುತ್ತದೆ.

ಒಂಟಿ ಗಂಡಸಿನ ಅಂಗಳಕ್ಕೆ ಒಂಟಿ ಹೆಂಗಸು ದಿನಾ ಹೋಗಬೇಕಾದರೆ ಊರಿನ ಬಾಯಿಗೆ ಒಂದು ಕಾರಣ ಹಾಕಬೇಕು. ದೇವರ ಹೂವಿಗಿಂತ ಗಟ್ಟಿ ಕಾರಣ ಬೇರೆ ಇಲ್ಲ. ನೆರೆಕರೆಯ ಹೆಂಗಸರೂ ಬೆಳಿಗ್ಗೆ ಬಂದು ಅಲ್ಲಿಂದ ಹೂ ಕೊಯ್ಯುತ್ತಿದ್ದರು. ದೇವರ ಹೂವನ್ನು ಮೂಸಬಾರದು. ಯಾರೂ ಮೂಸುತ್ತಲೂ ಇರಲಿಲ್ಲ. ದಮಯಂತಿ ಮಾತ್ರ ಸಂಜೆ, ದೀಪ ಇಡುವ ಮೊದಲು ಬರುತ್ತಿದ್ದಳು. ಅವಳ ಬುಟ್ಟಿಗೆ ಐದು ಹೂ ಹಾಕಿ, ಆರನೆಯದನ್ನು ಹರಿನಾಥರು ಕೈಗೆ ಕೊಡುತ್ತಿದ್ದರು.

“ಇದು ದೇವರಿಗಲ್ಲ.”

ಆಮೇಲೆ ಚಹಾ, ಎರಡು ಕುರ್ಚಿ, ಅರ್ಧ ಗಂಟೆ. ಮಣ್ಣಿಗಿಂತ ಮರಳು ಹೆಚ್ಚಿರಬೇಕು, ಒಂದು ಚಿಟಿಕೆ ಸುಣ್ಣ ಬೇಕು, ಬಾಡಿದ ಹೂ ಕತ್ತರಿಸದಿದ್ದರೆ ಗಿಡ ಸೋಮಾರಿಯಾಗುತ್ತದೆ ಎಂದು ಅವರು ಹೇಳುತ್ತಿದ್ದರು. ಮೊದಲ ವರ್ಷ ಬರೀ ಗುಲಾಬಿ ಬಣ್ಣವಿದ್ದ ಹೂವಿಗೆ ಈಗ ಬಿಳಿ ಅಂಚು ಬಂದದ್ದು ಗೊಬ್ಬರದ ಗುಣವಂತೆ. ದಮಯಂತಿ ಎಲ್ಲವನ್ನೂ ಹೊಸತೆಂಬಂತೆ ಕೇಳುತ್ತಿದ್ದಳು. ಒಂದು ಚಟ್ಟಿ ಮನೆಗೆ ಒಯ್ಯಿರಿ ಎಂದು ಅವರು ಒಮ್ಮೆ ಮಾತಿಗೆ ಹೇಳಿದಾಗ, “ನನಗೆ ಕೈಗುಣ ಇಲ್ಲ,” ಎಂದು ತಪ್ಪಿಸಿಕೊಂಡಿದ್ದಳು. ಅವರೂ ಮತ್ತೆ ಒತ್ತಾಯಿಸಲಿಲ್ಲ.

ಮೂಲೆಯ ಅಂಗಡಿಯ ಪುರಂದರನ ನಾಲಿಗೆ ಮಾತ್ರ ಸುಮ್ಮನಿರುತ್ತಿರಲಿಲ್ಲ.

“ಎಂತ ದಮಯಂತಿಯಕ್ಕ, ಐದು ಹೂ ಕೊಯ್ಯಲಿಕ್ಕೆ ಅರ್ಧ ಗಂಟೆಯಾ? ಅದಕ್ಕೆ ಮುಳ್ಳು ಉಂಟಾ?”

“ನಿನ್ನ ಅಂಗಡಿಯ ಅಕ್ಕಿಯಲ್ಲಿ ಕಲ್ಲು ಹೆಕ್ಕಲಿಕ್ಕೆ ಒಂದು ಗಂಟೆ ಬೇಕು ಮಾರಾಯ. ಮೊದಲು ಅದನ್ನು ನೋಡು.”

ಗುರುವಾರ ಸಂಜೆ ಹರಿನಾಥರ ಫೋನ್ ರಿಂಗಾಯಿತು. ದೇಲಂಪಾಡಿಯಲ್ಲಿ ನರ್ಸರಿ ನಡೆಸುವ ಸೊಸೆ, ತಂಗಿಯ ಮಗಳು ಮೋಕ್ಷಿತಾ. ಆ ಐದು ಗಿಡಗಳನ್ನು ಕೊಟ್ಟವಳೂ ಅವಳೇ. ಕೈಯೆಲ್ಲ ಮಣ್ಣಾಗಿದ್ದರಿಂದ ಅವರು ಸ್ಪೀಕರ್ ಒತ್ತಿದರು.

“ಮಾವ, ಪರಿಮಳದ ಡಯಾಂಥಸ್ ನನ್ನಲ್ಲಿ ಒಂದೂ ಉಳಿಯಲಿಲ್ಲ. ನಮ್ಮ ಮಳೆಗೆ ತಡೆಯುವುದೇ ಇಲ್ಲ. ನಿಮ್ಮಲ್ಲಿ ಹೇಗೆ ಉಳಿಯಿತೋ! ಭಾನುವಾರ ಬಂದು ನೆಡಲಿಕ್ಕೆ ಗೆಲ್ಲು ಕತ್ತರಿಸಿಕೊಂಡು ಹೋಗ್ತೇನೆ.”

“ಇಷ್ಟು ದೂರ ಬರುವುದೆಂತಕ್ಕೆ?” ಹರಿನಾಥರು ತಡವರಿಸಿದರು. “ಗಿಡ ಈಗ ಅಷ್ಟು ಚೆನ್ನಾಗಿಲ್ಲ.”

“ಸುಳ್ಳು! ದಮಯಂತಿ ಆಂಟಿ ದಿನಾ ಹೊಗಳ್ತಾರೆ ಅಂತ ನೀವೇ ಹೇಳಿದ್ದಲ್ಲ? ಐದರಲ್ಲಿ ಹೆಚ್ಚು ಪರಿಮಳದ್ದು ಯಾವುದೂಂತ ಆಂಟಿಯೇ ಮೂಸಿ ಆರಿಸಿ ಕೊಡಲಿ. ಅವರ ಮೂಗು ಪಳಗಿದೆ!”

ಹರಿನಾಥರು ದಮಯಂತಿಯ ಕಡೆ ನೋಡಲಿಲ್ಲ. ಅವರಿಗೆ ಆಗಲೇ ಸಂಶಯ ಬಂದಿದೆ ಎಂದುಕೊಂಡ ದಮಯಂತಿ ಅರ್ಧ ಚಹಾ ಬಿಟ್ಟು ಎದ್ದಳು.

ಶುಕ್ರವಾರ ಅವಳು ಹೋಗಲಿಲ್ಲ. ಒಂದು ರವಕೆಯ ತೋಳನ್ನು ಎರಡು ಸಲ ತಪ್ಪಾಗಿ ಹೊಲಿದು ಎರಡು ಸಲ ಬಿಚ್ಚಿದಳು. ಯಾವುದೋ ಒಂದು ಚಟ್ಟಿ ತೋರಿಸಿ ಬಿಡಬಹುದಿತ್ತು. ಆದರೆ ಆ ಹುಡುಗಿ ಗಿಡದ ವ್ಯಾಪಾರದವಳು. ಬಗ್ಗಿ ಮೂಸದೆ ಇರುತ್ತಾಳೆಯೇ? ಪರರ ಬಾಯಿಂದ ಗೊತ್ತಾಗುವುದಕ್ಕಿಂತ ತಾನೇ ಹೇಳುವುದು ಲೇಸು. ಹೇಳಿದ ಮೇಲೆ ಆ ಅಂಗಳದಲ್ಲಿ ತನಗೇನು ಕೆಲಸ? ಐದು ಹೂ ಪೇಟೆಯಲ್ಲೂ ಸಿಗುತ್ತದೆ.

ಶನಿವಾರ ಬುಟ್ಟಿ ಇಲ್ಲದೆ ಹೋದಳು. ಹರಿನಾಥರು ಬಾಡಿದ ಹೂಗಳನ್ನು ಕತ್ತರಿಸುತ್ತಿದ್ದರು. ಅವಳನ್ನು ಕಂಡು ಒಂದು ಹೂ ಕೊಯ್ದು ಚಾಚಿದರು. ಅವಳು ತೆಗೆದುಕೊಳ್ಳಲಿಲ್ಲ.

“ಹರಿನಾಥಣ್ಣ, ನನ್ನ ಮೂಗಿಗೆ ಎಂತದೂ ಗೊತ್ತಾಗುವುದಿಲ್ಲ. ನಾಲ್ಕು ವರ್ಷ ಆಯಿತು. ಇಲ್ಲಿ ಕೂತು ಹೇಳಿದ್ದೆಲ್ಲ ಸುಳ್ಳು. ನಾಳೆ ಅವಳ ಎದುರು ಮರ್ಯಾದೆ ಹೋಗುವ ಮೊದಲು ಹೇಳಿಬಿಡುವ ಅಂತ ಬಂದೆ. ಇನ್ನು ಬರುವುದಿಲ್ಲ.”

ಅವರು ಕತ್ತರಿ ಕೆಳಗಿಟ್ಟರು.

“ಮೋಕ್ಷಿತಾ ಬರುವುದಿಲ್ಲ,” ಎಂದರು. “ಬೇಡವೆಂದು ನಿನ್ನೆಯೇ ಫೋನ್ ಮಾಡಿ ಹೇಳಿದೆ.”

“ಯಾಕೆ?”

“ಅವಳು ಕೊಟ್ಟ ಗಿಡಗಳು ಮೊದಲ ಮಳೆಗಾಲದಲ್ಲೇ ಕೊಳೆತು ಸತ್ತವು, ದಮಯಂತಿ. ಇವು, ಸಂಜೆ ನೀವು ಬರುವುದರೊಳಗೆ ಅಂತ ಕುಂಬಳೆ ಪೇಟೆಗೆ ಓಡಿ ನಾನು ತಂದು ನೆಟ್ಟ ಬೇರೆ ಗಿಡಗಳು. ಇವಕ್ಕೆ ಪರಿಮಳವೇ ಇಲ್ಲ.”