ಯಜಮಾನರ ಹೆಸರು

ಅಪ್ಪ ತೀರಿಕೊಂಡ ಮೇಲೆ ಅಮ್ಮ ಊಟ, ನಿದ್ದೆ ಎರಡನ್ನೂ ಬಿಟ್ಟಿದ್ದಳು. ಮನಸ್ಸಿನ ಡಾಕ್ಟರು ಕಂಪ್ಯೂಟರ್ ಚಿಕಿತ್ಸೆ ಹೇಳಿದರು. ಅದು ಕೇಳುವ ಪ್ರಶ್ನೆಗಳಿಗೆ ರೋಗಿಯೇ ಬಾಯಿಬಿಟ್ಟು ಉತ್ತರಿಸಬೇಕು.

"ನೀವು ಕಳೆದುಕೊಂಡಿರುವ ಆಪ್ತರ ಹೆಸರು ಹೇಳಿ," ಎಂದಿತು ಕಂಪ್ಯೂಟರ್.

ಅಮ್ಮ ಸೆರಗನ್ನು ಬಾಯಿಗೊತ್ತಿಕೊಂಡಳು.

"ಅಪ್ಪನ ಹೆಸರು ಹೇಳಮ್ಮಾ."

"ಗಂಡನ ಹೆಸರು ಹೇಳ್ತಾರೇನೇ? ಅವರಿದ್ದಾಗ್ಲೇ ಹೇಳ್ಲಿಲ್ಲ, ಈಗ ಹೇಳ್ಲಾ? ನೀನೇ ಹೇಳು."

ನಾನೇ ಹೇಳಿದೆ.

"ಇದು ರೋಗಿಯ ಧ್ವನಿಯಲ್ಲ."

"ನಮ್ ಯಜಮಾನ್ರು..." ಎಂದು ಅಮ್ಮ ಬಿಕ್ಕಿದಳು.

"ಇದು ಹೆಸರಲ್ಲ. ದಯವಿಟ್ಟು ಹೆಸರು ಹೇಳಿ."

"ಅಮ್ಮಾ, ಒಂದೇ ಒಂದ್ಸಲ!"

ಅಮ್ಮ ಅಳುತ್ತಲೇ ತಲೆ ಅಲ್ಲಾಡಿಸಿದಳು. ಕಂಪ್ಯೂಟರ್ ತೆರೆಯ ಮೇಲೆ 'ಹೆಸರು: ಇಲ್ಲ' ಎಂದು ಬರೆದು, ಸಿಹಿ ದನಿಯಲ್ಲಿ ಹೇಳಿತು:

"ನೀವು ಯಾರನ್ನೂ ಕಳೆದುಕೊಂಡಿಲ್ಲ ಎಂದು ತಿಳಿದು ಸಂತೋಷವಾಯಿತು."